ಬಟ್ಟೆ ಒದ್ದೆ ಇರುವಾಗಲೇ ಡ್ರೈಯರ್ ನಿಲ್ಲುತ್ತಿದೆಯೇ? ಬೋರ್ಡ್ ಬದಲಿಸುವ ಮೊದಲು ಸೆನ್ಸರ್ ಒರೆಸಿ

ಆರಿದ್ರಾ ಮಳೆ ಹಿಡಿದರೆ ಮೂಡಿಗೆರೆ, ಕೊಪ್ಪದ ಕಡೆ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದರೆ ಹೊಗೆ ವಾಸನೆ, ಜಗಲಿಯಲ್ಲಿ ಹರವಿದರೆ ಮುಗ್ಗಲು ವಾಸನೆ. ಹಾಗಾಗಿ ಈಗ ತೋಟದ ಮನೆಗಳಿಗೂ ಹೋಂಸ್ಟೇಗಳಿಗೂ ಡ್ರೈಯರ್ ಬಂದಿದೆ. ಅದು ಕೈಕೊಡುವುದೂ ಸರಿಯಾಗಿ ಮಳೆಗಾಲದಲ್ಲೇ. 'ಒಣಗಿತು' ಅಂತ ಬೀಪ್ ಹೊಡೆಯುತ್ತದೆ. ಬಾಗಿಲು ತೆಗೆದರೆ ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿ ಇನ್ನೂ ತಣ್ಣಗೆ ಒದ್ದೆ. ಮೆಕ್ಯಾನಿಕ್ ಬಂದು ಎರಡು ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗಿದೆ ಸಾರ್" ಅನ್ನುತ್ತಾರೆ. ಬೋರ್ಡ್ ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ. ಎಷ್ಟೋ ಮನೆಗಳಲ್ಲಿ ಬೋರ್ಡಿಗೆ ದುಡ್ಡು ಕೊಟ್ಟ ಮೇಲೂ ಪ್ಯಾಂಟು ಒದ್ದೆಯಾಗಿಯೇ ಹೊರಗೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಎರಡನೇ ತೊಟ್ಟಿಯನ್ನೂ ನಮ್ಮ ಕಡೆ ಡ್ರೈಯರ್ ಅಂತಲೇ ಕರೆಯುತ್ತಾರೆ. ಅದು ಬಟ್ಟೆಯನ್ನು ತಿರುಗಿಸಿ ನೀರು ಹಿಂಡುತ್ತದೆ ಅಷ್ಟೇ. ಅದರಲ್ಲಿ ಸೆನ್ಸರ್ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರದ ವಿಷಯ.

ಸೆನ್ಸರ್ ಅಂದರೆ ಏನೋ ಮಹಾ ಉಪಕರಣ ಅಂದುಕೊಳ್ಳಬೇಡಿ. ಡ್ರಮ್ಮಿನೊಳಗೆ, ಹೆಚ್ಚಾಗಿ ಬಟ್ಟೆಯ ನೂಲುಧೂಳು ಹಿಡಿಯುವ ಫಿಲ್ಟರ್ ಪಕ್ಕದಲ್ಲಿ ಅಥವಾ ಬಾಗಿಲಿನ ಒಳಅಂಚಿನಲ್ಲಿ, ಬೆರಳುದ್ದದ ಎರಡು ಲೋಹದ ಪಟ್ಟಿಗಳಿರುತ್ತವೆ. ಬಟ್ಟೆ ಉರುಳುವಾಗ ಒಂದೇ ಸಲಕ್ಕೆ ಎರಡನ್ನೂ ತಾಗುತ್ತದೆ. ಬಟ್ಟೆ ಒದ್ದೆಯಿದ್ದರೆ ಅದರ ಮೂಲಕ ಚೂರು ಕರೆಂಟ್ ಹರಿಯುತ್ತದೆ, ಒಣಗುತ್ತಾ ಹೋದಂತೆ ಹರಿಯುವುದು ಕಡಿಮೆಯಾಗುತ್ತದೆ. ಬೋರ್ಡು ನೋಡುವುದು ಇಷ್ಟನ್ನೇ. ಅದಕ್ಕೆ ಬಟ್ಟೆ ಕಾಣುವುದಿಲ್ಲ. ಪಟ್ಟಿಗೆ ಏನೂ ತಾಗದಿದ್ದರೂ ಒಂದೇ, ಬಟ್ಟೆ ಒಣಗಿದ್ದರೂ ಒಂದೇ, 'ಮುಗೀತು' ಅಂತ ನಿಲ್ಲಿಸಿಬಿಡುತ್ತದೆ. ಕೆಲವು ಯಂತ್ರಗಳಲ್ಲಿ ಇಂಥ ಪಟ್ಟಿಗಳೇ ಇಲ್ಲ, ಡ್ರಮ್ಮೇ ಆ ಕೆಲಸ ಮಾಡುತ್ತದೆ. ನಿಮ್ಮದು ಅಂಥದ್ದಾದರೆ ಮೂರನೇ ಹಂತ ಮತ್ತು ಕೊನೆಯ ಪಟ್ಟಿ ಪರೀಕ್ಷೆ ಬಿಟ್ಟು ಉಳಿದಿದ್ದೆಲ್ಲ ಅನ್ವಯಿಸುತ್ತದೆ.

ಹಂತ 1: ತಪ್ಪು ಸೆನ್ಸರಿನದ್ದೇನಾ?

ಅರ್ಧ ಡ್ರಮ್ ಒದ್ದೆ ಟವೆಲ್ ಹಾಕಿ. ಸೆನ್ಸರ್ ನೋಡಿ ತಾನೇ ನಿಲ್ಲುವ ಆಟೋ ಪ್ರೋಗ್ರಾಂ ಬಿಟ್ಟು ಟೈಮ್ ಇಟ್ಟು ಒಣಗಿಸುವ ಪ್ರೋಗ್ರಾಂನಲ್ಲಿ ಒಂದು ಗಂಟೆ ಓಡಿಸಿ. ಟವೆಲ್ ಚೆನ್ನಾಗಿ ಒಣಗಿದರೆ ಬಿಸಿಯೂ ಗಾಳಿಯೂ ಸರಿಯಿದೆ, ತೊಂದರೆ ಸೆನ್ಸರ್ ಕಡೆಗಿದೆ ಎಂದರ್ಥ. ಬಿಸಿಯೂ ಆಗದೆ ಒದ್ದೆಯಾಗಿಯೇ ಉಳಿದರೆ ಸೆನ್ಸರನ್ನು ಬೈಯಬೇಡಿ. ಹೊಗೆಕೊಳವೆಯಂಥ ಪೈಪ್ ಇರುವ ಯಂತ್ರವಾದರೆ ಪೈಪ್ ಕಟ್ಟಿದೆಯೇ ನೋಡಿ. ನೀರಿನ ತೊಟ್ಟಿ ಇರುವುದಾದರೆ ಕಂಡೆನ್ಸರಿಗೆ, ಅಂದರೆ ಆವಿಯನ್ನು ತಣಿಸಿ ನೀರು ಮಾಡುವ ಭಾಗಕ್ಕೆ, ಧೂಳು ಮೆತ್ತಿದೆಯೇ ನೋಡಿ. ವೋಲ್ಟೇಜನ್ನೂ ನೋಡಿ. ತೋಟದ ಲೈನಿನಲ್ಲಿ ಸಂಜೆ ಹೊತ್ತು 180ಕ್ಕೆ ಇಳಿಯುವುದು ಹೊಸದೇನಲ್ಲ. 230 ವೋಲ್ಟಿಗೆ ಮಾಡಿದ ಕಾಯಿಲ್ ಹೀಟರ್ 180ರಲ್ಲಿ ಕೊಡುವುದು ಹೆಚ್ಚುಕಮ್ಮಿ 60 ಪರ್ಸೆಂಟ್ ಕಾವು ಮಾತ್ರ.

ತುಂಬಾ ಜನ ಈ ಪರೀಕ್ಷೆ ಮಾಡುವುದೇ ಇಲ್ಲ. ಸೀದಾ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ.

ಹಂತ 2: ಫಿಲ್ಟರ್ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇಷ್ಟೇ.

ಹಂತ 3: ಪಟ್ಟಿ ಒರೆಸುವುದು

ಎಲ್ಲರೂ ಎಡವುವುದು ಇಲ್ಲೇ. "ಒರೆಸಿದೆ, ಆದರೂ ಹಾಗೇ ಇದೆ" ಅನ್ನುವವರೆಲ್ಲ ಒದ್ದೆ ಬಟ್ಟೆಯಲ್ಲಿ ಸುಮ್ನೆ ಒಂದು ಕೈ ಆಡಿಸಿ ಬಂದವರು. ಪಟ್ಟಿ ಮೇಲೆ ಕೂರುವುದು ಬರೀ ಧೂಳಲ್ಲ. ತೊಳೆಯುವಾಗ ಕೊನೆಗೆ ಹಾಕುತ್ತೇವಲ್ಲ, ಘಮಘಮ ಕಂಡಿಷನರ್, ಅದರ ಜಿಡ್ಡು ಬಿಸಿಗೆ ತೆಳ್ಳಗೆ ಪೊರೆ ಕಟ್ಟುತ್ತದೆ. ಆ ಪೊರೆ ಕರೆಂಟನ್ನು ಬಿಡುವುದಿಲ್ಲ. ಕಣ್ಣಿಗೆ ಕಾಣುವುದೂ ಇಲ್ಲ. ಪಟ್ಟಿ ಫಳಫಳ ಅನ್ನುತ್ತಲೇ ಇರುತ್ತದೆ.

ಇದೆಯೋ ಇಲ್ಲವೋ ತಿಳಿಯಲು ಬೆರಳ ತುದಿಯಿಂದ ಒಂದು ಹನಿ ನೀರನ್ನು ಪಟ್ಟಿಗೆ ಮುಟ್ಟಿಸಿ, ಟಾರ್ಚ್ ಬಿಟ್ಟು ನೋಡಿ. ಪೊರೆ ಇದ್ದರೆ ಕೆಸುವಿನೆಲೆ ಮೇಲಿನ ಹನಿಯ ಹಾಗೆ ಗುಂಡಗಾಗಿ ಜಾರುತ್ತದೆ. ಪಟ್ಟಿ ಶುಭ್ರವಾಗಿದ್ದರೆ ನೀರು ತೆಳ್ಳಗೆ ಹರಡಿ ಅಂಟಿಕೊಳ್ಳುತ್ತದೆ.

ಈಗ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಡ್ರಮ್ ಆರಿರಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ತನ್ನಿ. ಹಳೇ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ಪಟ್ಟಿಯ ಉದ್ದಕ್ಕೆ ಒತ್ತಿ ಉಜ್ಜಿ. ಟಿಶ್ಯೂ ಪೇಪರ್ ಬೇಡ, ಅದರ ಚೂರುಗಳೇ ಅಂಟಿಕೊಳ್ಳುತ್ತವೆ. ಬಟ್ಟೆ ಮೇಲೆ ಬೂದು ಗೆರೆ ಮೂಡುತ್ತದೆ. ಬಟ್ಟೆಯ ಬೇರೆ ಜಾಗ ಹಿಡಿದು ಮತ್ತೆ ಉಜ್ಜಿ. ಗೆರೆ ಬೀಳುವುದು ನಿಲ್ಲುವವರೆಗೂ ಉಜ್ಜಬೇಕು. ಪಟ್ಟಿ ಮತ್ತು ಪ್ಲಾಸ್ಟಿಕ್ ಸೇರುವ ಅಂಚಿನಲ್ಲಿ ಜಿಡ್ಡೂ ಧೂಳೂ ಸೇರಿ ಕಪ್ಪಗೆ ಗಟ್ಟಿಯಾಗಿರುತ್ತದೆ. ಬಟ್ಟೆಯನ್ನು ಉಗುರಿಗೆ ಸುತ್ತಿ ಆ ಸಂದಿಯನ್ನು ಕೆರೆಯಿರಿ. ಎರಡೂ ಪಟ್ಟಿ ಮಾಡಿ. ಒಂದನ್ನು ಮಾತ್ರ ಒರೆಸಿ ಏನೂ ಪ್ರಯೋಜನವಿಲ್ಲ. ಆಮೇಲೆ ಹನಿ ಪರೀಕ್ಷೆ ಇನ್ನೊಮ್ಮೆ.

ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರಾದರೆ ಜಿಡ್ಡಿನ ಜೊತೆ ಸುಣ್ಣದ ಪೊರೆಯೂ ಇರಬಹುದು. ಸ್ಪಿರಿಟ್ಟಿಗೆ ಅದು ಜಗ್ಗುವುದಿಲ್ಲ. ಬಿಳಿ ವಿನಿಗರ್ ಅದ್ದಿದ ಬಟ್ಟೆಯನ್ನು ಐದು ನಿಮಿಷ ಪಟ್ಟಿ ಮೇಲೆ ಒತ್ತಿಟ್ಟು ಉಜ್ಜಿ, ನೀರಿನ ಬಟ್ಟೆಯಲ್ಲಿ ಒರೆಸಿ. ಮೊದಲು ಸ್ಪಿರಿಟ್, ಆಮೇಲೆ ವಿನಿಗರ್, ಈ ಕ್ರಮ ತಪ್ಪಿಸಬೇಡಿ. ಮೇಲೆ ಜಿಡ್ಡಿದ್ದರೆ ವಿನಿಗರ್ ಸುಣ್ಣವನ್ನು ಮುಟ್ಟುವುದೇ ಇಲ್ಲ.

ಎಮರಿ ಪೇಪರ್, ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡವೇ ಬೇಡ. ಬೇಗ ಹೊಳೆಯುತ್ತದೆ ನಿಜ, ಆದರೆ ಆ ಗೀರುಗಳಲ್ಲೇ ಮುಂದಿನ ಜಿಡ್ಡು ಇನ್ನೂ ಬೇಗ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಅದೂ ಎಣ್ಣೆಯೇ ಅಲ್ವಾ? ಜಿಡ್ಡು ತೆಗೆಯಲು ಹೋಗಿ ಜಿಡ್ಡೇ ಬಳಿದ ಹಾಗಾಯಿತು. ಸ್ಪಿರಿಟ್ ಬೆಂಕಿಗೆ ಬೇಗ ಹೊತ್ತಿಕೊಳ್ಳುವ ವಸ್ತು. ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಯಂತ್ರ ಹಾಕಿ.

ನನ್ನನ್ನು ಕೇಳಿದರೆ, ಡ್ರೈಯರ್ ಇರುವ ಮನೆಗೆ ಕಂಡಿಷನರ್ ಬೇಕಾಗಿಯೇ ಇಲ್ಲ. ಟವೆಲ್ಲಿಗಂತೂ ಹಾಕಲೇಬಾರದು, ನೀರು ಹೀರುವ ಗುಣವೇ ಹೋಗುತ್ತದೆ. ಘಮ ಬೇಕಿದ್ದರೆ ಬೀರುವಿನಲ್ಲಿ ಲಾವಂಚದ ಬೇರು ಇಡಿ.

ಹಂತ 4: ಬಟ್ಟೆ ತುಂಬುವ ರೀತಿ

ಎರಡು ಶರ್ಟು ಮಾತ್ರ ಹಾಕಿದರೆ ಅವು ಪಟ್ಟಿಗೆ ತಾಗುವುದೇ ಅಪರೂಪ. ಯಂತ್ರ ಬೇಗ ನಿಲ್ಲುತ್ತದೆ. ಜೊತೆಗೆ ಎರಡು ಒದ್ದೆ ಟವೆಲ್ ಹಾಕಿ. ಡಬಲ್ ಬೆಡ್‌ಶೀಟ್ ಉಂಡೆಯಾಗಿ, ಹೊರಗೆ ಒಣಗಿ ಒಳಗೆ ಒದ್ದೆ ಉಳಿಯುತ್ತದೆ. ಮಧ್ಯೆ ಒಮ್ಮೆ ನಿಲ್ಲಿಸಿ ಕೊಡವಿ ಹಾಕಬೇಕು. ಜೀನ್ಸಿನ ಜೊತೆ ತೆಳು ಬನಿಯನ್ ಬೇಡ.

ಹಂತ 5: ನೀರೇ ಕಾರಣವಾಗಿದ್ದರೆ?

ಪಟ್ಟಿ ಕನ್ನಡಿಯಂತಿದ್ದರೂ ಬೇಗ ನಿಲ್ಲುವ ಯಂತ್ರಗಳು ಮಲೆನಾಡಿನಲ್ಲಿ ಇವೆ. ಕಾರಣ ಅಬ್ಬಿ ನೀರು, ಮಳೆ ನೀರು. ಇವುಗಳಲ್ಲಿ ಖನಿಜ ತೀರಾ ಕಡಿಮೆ. ಕರೆಂಟ್ ಹರಿಯುವುದು ನೀರಿನಲ್ಲಿ ಕರಗಿದ ಖನಿಜದಿಂದ. ಅದು ಕಡಿಮೆಯಾದರೆ ಬಟ್ಟೆ ಒದ್ದೆಯಿದ್ದರೂ ಯಂತ್ರಕ್ಕೆ ಒಣಗಿದ ಹಾಗೇ ತೋರುತ್ತದೆ. ನಿಮ್ಮ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಗೆ ಬಿಳಿ ಪೊರೆ ಕಟ್ಟುವುದಿಲ್ಲವೇ? ಸೋಪಿನ ನೊರೆ ಎಷ್ಟು ಜಾಲಿಸಿದರೂ ಹೋಗುವುದಿಲ್ಲವೇ? ಹಾಗಿದ್ದರೆ ನಿಮ್ಮದು ಖನಿಜ ಕಡಿಮೆಯಿರುವ ಮೆತು ನೀರು. ಮೆನುವಿನಲ್ಲಿ ಒಣಗುವ ಮಟ್ಟವನ್ನು ಒಂದು ಮೆಟ್ಟಿಲು ಏರಿಸಿ. ಕೆಲವು ಯಂತ್ರಗಳಲ್ಲಿ ಮೆತು ನೀರಿಗೆಂದೇ ಬೇರೆ ಸೆಟ್ಟಿಂಗ್ ಇರುತ್ತದೆ, ಮ್ಯಾನ್ಯುಯಲ್ ತೆಗೆದು ನೋಡಿ. ಇದಕ್ಕೆ ಖರ್ಚು ಸೊನ್ನೆ.

ಹಂತ 6: ನಿಲ್ಲದೇ ಓಡುತ್ತಿದ್ದರೆ

ಇದು ತದ್ವಿರುದ್ಧ ಕಾಯಿಲೆ. ಖಾಲಿ ಡ್ರಮ್ಮನ್ನು ಆಟೋದಲ್ಲಿ ಓಡಿಸಿ. ಸ್ವಲ್ಪ ಹೊತ್ತಿನಲ್ಲೇ ನಿಲ್ಲಬೇಕು. ಓಡುತ್ತಲೇ ಇದ್ದರೆ ಎರಡು ಪಟ್ಟಿಯ ವೈರು ಎಲ್ಲೋ ಒಂದಕ್ಕೊಂದು ತಾಗಿದೆ, ಇಲ್ಲವೇ ಕನೆಕ್ಟರ್ ಒಳಗೆ ತೇವ ಸೇರಿದೆ. ಕಾಫಿ ಗೋಡೌನ್ ಪಕ್ಕದ ಕೋಣೆಯಲ್ಲಿಟ್ಟ ಯಂತ್ರವಾದರೆ ಇಲಿಯ ಮೇಲೂ ಒಂದು ಕಣ್ಣಿರಲಿ. ವೈರಿನ ಹೊದಿಕೆ ಅದಕ್ಕೆ ಬಲು ಇಷ್ಟ.

ಇಲ್ಲಿಂದ ಮುಂದೆ ಮುಂಭಾಗದ ಪ್ಯಾನೆಲ್ ಬಿಚ್ಚಬೇಕು. ವಾರಂಟಿ ಇದ್ದರೆ ನೀವು ಕೈ ಹಾಕಬೇಡಿ. ಬೇಗ ನಿಲ್ಲುತ್ತದೆ ಅಂತ ಎರಡು ವೈರನ್ನೂ ಸೇರಿಸಿ ಕಟ್ಟಿಬಿಡುವ ಜಾಣರೂ ಇದ್ದಾರೆ. ಬಟ್ಟೆ ಒಣಗಿದ ಮೇಲೂ ಯಂತ್ರ ಕಾಯಿಸುತ್ತಲೇ ಇರುತ್ತದೆ. ಬಟ್ಟೆ ಹಾಳು, ಬೆಂಕಿಯ ಭಯ ಬೇರೆ.

ಮೆಕ್ಯಾನಿಕ್ ಬಂದಾಗ ಹೀಗೆ ಕೇಳಿ: "ಪ್ಲಗ್ ತೆಗೆದು, ಸೆನ್ಸರ್ ಕನೆಕ್ಟರ್ ಕಳಚಿ, ವೈರಿನ ಕಡೆಯ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದು ತೋರಿಸಿ." ಕರೆಂಟ್ ಹರಿಯಲು ದಾರಿ ಇದೆಯೇ ಅಂತ ಅಳೆಯುವ ಉಪಕರಣ ಅದು. ಪಟ್ಟಿ ಒಣಗಿದ್ದಾಗ ಮೀಟರ್ ಏನೂ ತೋರಿಸಬಾರದು. ಒದ್ದೆ ಬಟ್ಟೆಯನ್ನು ಎರಡೂ ಪಟ್ಟಿಗೆ ಒತ್ತಿ ಹಿಡಿದಾಗ ಅಂಕಿ ಬರಬೇಕು. ಒಣಗಿದ್ದಾಗಲೇ ಅಂಕಿ ಬಂದರೆ ವೈರ್ ಶಾರ್ಟ್. ಒದ್ದೆ ಬಟ್ಟೆಗೂ ಬರದಿದ್ದರೆ ವೈರ್ ಕಟ್ಟಾಗಿದೆ. ಎರಡೂ ಸರಿ ಬಂದು, ಟೈಮ್ ಪ್ರೋಗ್ರಾಂನಲ್ಲೂ ಚೆನ್ನಾಗಿ ಒಣಗಿ, ಆಟೋ ಮಾತ್ರ ಕೈಕೊಡುತ್ತಿದ್ದರೆ ಆಗ ಬೋರ್ಡಿನ ಮಾತು ಆಡಬಹುದು. ಬೋರ್ಡ್ ಬದಲಿಸಿದರೆ ಹಳೆಯದನ್ನು ತೋರಿಸಿ ಬಿಲ್ ಕೊಡಲು ಹೇಳಿ.