ಕಾಂಗ್ ಯಾತ್ಸೆಗೆ ದುರ್ಗದ ಬುತ್ತಿ: ನನ್ನ ಅನುಭವ

ಲಡಾಖಿನ ಕಾಂಗ್ ಯಾತ್ಸೆ-2 ಶಿಖರ ಸುಮಾರು 6,250 ಮೀಟರ್. ಪ್ಯಾಕೇಜ್ ಬೇಡ, ಊಟ ಚಿತ್ರದುರ್ಗದಿಂದಲೇ ಕಟ್ಟಿಕೊಂಡು ಹೋಗ್ತೀವಿ ಅಂದಾಗ ಹತ್ತಿದ ಅನುಭವ ಇರೋರೇ ಆಗದ ಮಾತು ಅಂದಿದ್ದರು. ಎರಡನೇ ಸಲಕ್ಕೆ ಆಯಿತು. ಆರು ಜನ ಹೋಗಿ ಐದು ಜನ ತುದಿ ಮುಟ್ಟಿದೆವು.

ಮೊದಲ ಸಲ ಕೆಟ್ಟಿದ್ದು ಬೆಟ್ಟದಲ್ಲಲ್ಲ, ರಸ್ತೆಯಲ್ಲಿ. ಮನಾಲಿ 2,050 ಮೀಟರ್. ಅಲ್ಲಿಂದ ಹೊರಟು ಒಂದೆರಡು ದಿನದಲ್ಲೇ 4,290 ಮೀಟರಿನ ಸರ್ಚುವಿನಲ್ಲಿ ಮಲಗಿದರೆ ತಲೆನೋವು, ವಾಂತಿ ಬಾರದಿದ್ದರೇ ಆಶ್ಚರ್ಯ. ಈ ಸಲ ಶ್ರೀನಗರ, ಕಾರ್ಗಿಲ್ ದಾರಿ ಹಿಡಿದು ಲೇಹ್‌ನಲ್ಲಿ ಮೂರು ರಾತ್ರಿ ಕಳೆದೆವು. ಮುಂದೆ ನಡಿಗೆ, ಸ್ಕಿಯು, ಮಾರ್ಖಾ, ಹಾಂಕರ್ ಹಳ್ಳಿಗಳ ದಾರಿ. ಹಾಂಕರ್‌ನಿಂದ ಬೆಟ್ಟದ ಬುಡದ ನೀಮಾಲಿಂಗ್ ಬಯಲಿಗೆ ಒಂದೇ ದಿನಕ್ಕೆ 800 ಮೀಟರ್ ಏರಿಕೆ ಬೀಳುತ್ತೆ. ನಡುವೆ ಥಾಚುಂಗ್ಟ್ಸೆಯಲ್ಲಿ ಒಂದು ರಾತ್ರಿ ಸೇರಿಸಿದ್ದೇ ನಮ್ಮನ್ನು ಕಾಪಾಡಿದ್ದು. ಕುದುರೆ ಬಾಡಿಗೆ ಒಂದು ದಿನ ಹೆಚ್ಚಾಯಿತು, ಆಗಲಿ.

ತಯಾರಿಗೆ ದುರ್ಗದ ಕೋಟೆ ಸಾಕು. 15 ಲೀಟರ್ ನೀರಿನ ಕ್ಯಾನ್ ಬೆನ್ನಿಗೆ ಹೊತ್ತು ಹತ್ತೋದು, ಮೇಲೆ ಗಿಡಕ್ಕೆ ಸುರಿದು ಖಾಲಿ ಇಳಿಯೋದು. ಇಳಿಯುವಾಗ ಭಾರ ಇದ್ದರೆ ಮಂಡಿ ಹೋಗುತ್ತೆ.

ಇನ್ನು ಬುತ್ತಿ. 5,000 ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಬೇಯಲ್ಲ, ಸೀಮೆಎಣ್ಣೆ ಮಾತ್ರ ಮುಗಿಯುತ್ತೆ. ಬೇಸ್‌ಕ್ಯಾಂಪಿಗೆ ಕುಕ್ಕರ್ ಬೇಕೇ ಬೇಕು, ಭಾರ ಅಂತ ಬಿಡಬೇಡಿ. ಅದರ ಮೇಲಿನ ಹತ್ತಾಟಕ್ಕೆಲ್ಲ ರಾಗಿ ಹುರಿಹಿಟ್ಟು: ತಲೆಗೆ 60 ಗ್ರಾಂ ಹಿಟ್ಟು, 30 ಗ್ರಾಂ ಬೆಲ್ಲದ ಪುಡಿ, ಬಿಸಿನೀರು, ಕಲಸಿದರೆ ಮುಗಿಯಿತು. ಇದಕ್ಕೆ ಇನ್ನೊಂದು ಪುಡಿ ಸೇರಿಸ್ತೀವಿ, ಅದು ನಮ್ಮಲ್ಲೇ ಇರಲಿ. ಹಸಿವು ಸತ್ತ ಎತ್ತರದಲ್ಲೂ ಇದೊಂದು ಗಂಟಲಲ್ಲಿ ಇಳಿಯುತ್ತೆ. ಕಡಕ್ ರೊಟ್ಟಿ ಚೂರಾಯಿತು, ಆದರೂ ಶೇಂಗಾ ಚಟ್ನಿಪುಡಿ ಜೊತೆ ಕೊನೇ ಚೂರಿನವರೆಗೂ ಹೋಯಿತು. ಎಣ್ಣೆ ಹಾಕಿದ ಚಟ್ನಿ ಡಬ್ಬಿ ಒಯ್ಯಬೇಡಿ; ಹೊರಗಿನ ಒತ್ತಡ ಇಳಿದಂತೆ ಮುಚ್ಚಳದಿಂದ ಜಿನುಗಿ ಬಟ್ಟೆಗೆಲ್ಲ ಎಣ್ಣೆ. ದಾವಣಗೆರೆ ಮಂಡಕ್ಕಿಯನ್ನೂ ಪ್ರಯತ್ನಿಸಿದೆವು. ತೂಕ ಇಲ್ಲ, ಆದರೆ ಎರಡು ಕಿಲೋ ಮಂಡಕ್ಕಿಗೆ ಒಂದು ಮೂಟೆ ಜಾಗ ಹೋಯಿತು. ಬೇಸ್‌ಕ್ಯಾಂಪಿನಲ್ಲಿ ಒಗ್ಗರಣೆ ಹಾಕಿದ ದಿನ ಮಾತ್ರ ಎಲ್ಲರೂ ಹೊಟ್ಟೆ ತುಂಬಾ ತಿಂದರು.

ಗ್ಯಾಸ್, ಸೀಮೆಎಣ್ಣೆ ರೈಲಿನಲ್ಲಿ ಒಯ್ಯುವಂತಿಲ್ಲ, ಲೇಹ್‌ನಲ್ಲೇ ಕೊಳ್ಳಿ. ಬರೀ ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಬೇಡ. ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗಲ್ಲ. ಪ್ರೊಪೇನ್ ಬೆರೆತದ್ದು ಕೇಳಿ ತಗೊಳ್ಳಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ.

ಏಜೆನ್ಸಿ ತಲಾ 75 ಸಾವಿರ ಕೇಳಿತ್ತು. ಶಿಖರದ ಪರವಾನಗಿ, ಸ್ಥಳೀಯ ಗೈಡ್, ನಾಲ್ಕು ಕುದುರೆ, ಬಾಡಿಗೆ ಬೂಟು ಎಲ್ಲಾ ಸೇರಿ ನಮಗೆ ಬಿದ್ದದ್ದು ತಲಾ 48 ಸಾವಿರದ ಆಸುಪಾಸು. ಕುದುರೆ ಖಾಲಿ ವಾಪಸ್ ಹೋಗುವ ದಿನದ ಕೂಲಿಯನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮ ಲೆಕ್ಕ ತಪ್ಪಿದ್ದು ಅಲ್ಲೇ.

ಬಾಡಿಗೆ ಕ್ರಾಂಪಾನನ್ನು (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಕಬ್ಬಿಣದ ಮುಳ್ಳು) ಅಂಗಡಿಯಲ್ಲೇ ಬೂಟಿಗೆ ಸಿಕ್ಕಿಸಿ, ಪಟ್ಟಿ ಬಿಗಿಯದೆ ಜೋರಾಗಿ ಅಲ್ಲಾಡಿಸಿ. ಕಳಚಿ ಬಿದ್ದರೆ ನಡುವಿನ ಸರಳನ್ನು ಒಂದು ತೂತು ಗಿಡ್ಡ ಮಾಡಿ ಮತ್ತೆ ನೋಡಿ. ಆರನೆಯವನು ವಾಪಸ್ ಬಂದದ್ದು ಇದೊಂದನ್ನು ನೋಡದೆ ಬಿಟ್ಟಿದ್ದಕ್ಕೆ.