ಕಿಲೋಮೀಟರ್ ನೋಡಿ ಫ್ಲೈಟ್ ಟೈಮ್ ಲೆಕ್ಕ ಹಾಕ್ಬೇಡಿ

ಹೊಸದಾಗಿ ವಿಮಾನ ಹತ್ತೋರು ಸಾಮಾನ್ಯವಾಗಿ ಕೇಳೋದು, ಲಂಡನ್ನಿಂದ ನ್ಯೂಯಾರ್ಕ್ ಎಷ್ಟು ದೂರ, ಎಷ್ಟು ಹೊತ್ತಾಗತ್ತೆ ಅಂತ. ದೂರ ಸುಮಾರು 5,550 ಕಿ.ಮೀ., ವಿಮಾನ ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದ್ರೆ ಆರು ಗಂಟೆ ಚಿಲ್ಲರೆ ಬರತ್ತೆ, ಆದ್ರೆ ಆ ಲೆಕ್ಕ ನಂಬ್ಕೊಂಡು ಕೂರ್ಬೇಡಿ. ಲಂಡನ್ನಿಂದ ಹೋಗುವಾಗ ಎದುರುಗಾಳಿ, ಎಂಟು ಗಂಟೆ ಹತ್ರ ಆಗತ್ತೆ. ವಾಪಸ್ ಬರುವಾಗ ಏಳು, ಕೆಲವು ಸಲ ಇನ್ನೂ ಕಮ್ಮಿ. ಮೇಲುಗಡೆ ಜೆಟ್ ಸ್ಟ್ರೀಮ್ ಅಂತ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಗಾಳಿ ಇದೆಯಲ್ಲ, ಚಳಿಗಾಲದಲ್ಲಿ ಅದರ ಜೋರು ಕೇಳ್ಬೇಡಿ, 2020ರ ಫೆಬ್ರವರಿಲಿ ನ್ಯೂಯಾರ್ಕಿಂದ ಹೊರಟ ಒಂದು ವಿಮಾನ 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿಬಿಡ್ತು!

ಎಲ್ಲರೂ ಎಡವೋದು ಟಿಕೆಟ್ ಓದೋದ್ರಲ್ಲಿ. ಅದರಲ್ಲಿರೋದು ಆಯಾ ಊರಿನ ಟೈಮು. ಲಂಡನ್ ಬಿಡೋದು ಬೆಳಿಗ್ಗೆ 11, ನ್ಯೂಯಾರ್ಕ್ ಮಧ್ಯಾಹ್ನ 2 ಅಂತಿದ್ರೆ ಮೂರೇ ಗಂಟೆ ಅಲ್ಲ, ನ್ಯೂಯಾರ್ಕ್ ಟೈಮು ಲಂಡನ್‌ಗಿಂತ ಐದು ಗಂಟೆ ಹಿಂದೆ, ಆ ವ್ಯತ್ಯಾಸ ಕೂಡಿಸಿ, ಎಂಟು. ವಾಪಸ್ ಬರೋದಕ್ಕೆ ಸಂಜೆ 6ಕ್ಕೆ ಹತ್ತಿ ಮಾರನೇ ದಿನ ಬೆಳಿಗ್ಗೆ 6ಕ್ಕೆ ಇಳಿದ್ರೆ ಹನ್ನೆರಡರಲ್ಲಿ ಐದು ಕಳೀರಿ, ಏಳು. ಇಳಿಯೋ ಟೈಮಿನ ಪಕ್ಕ ಸಣ್ಣದಾಗಿ +1 ಇರತ್ತೆ, ಅಂದ್ರೆ ಇಳಿಯೋದು ಮಾರನೇ ದಿನ, ಅದನ್ನ ನೋಡ್ದೆ ಹೋಟೆಲ್ ಬುಕ್ ಮಾಡಿದ್ರೆ ಒಂದು ರಾತ್ರಿ ದುಡ್ಡು ದಂಡ. ಇನ್ನೊಂದು ತಲೆನೋವು, ಮಾರ್ಚಲ್ಲಿ ಅಮೆರಿಕದೋರು ಎರಡನೇ ಭಾನುವಾರವೇ ಬೇಸಿಗೆಗೆ ಅಂತ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಬ್ರಿಟನ್ನೋರು ಕೊನೇ ಭಾನುವಾರ. ಆ ನಡುವೆ ವ್ಯತ್ಯಾಸ ನಾಲ್ಕೇ ಗಂಟೆ.

ಡೈರೆಕ್ಟ್ ಫ್ಲೈಟ್ ಆದ್ರೆ ಇಷ್ಟೇ. ನಡುವೆ ಇಳಿದು ಹತ್ತೋದಿದ್ರೆ ಹಾರೋ ಹೊತ್ತು ಮರೆತು ಒಟ್ಟು ಹೊತ್ತು ನೋಡಿ, ಯಾಕಂದ್ರೆ ಕಾಯೋದ್ರಲ್ಲೇ ಅರ್ಧ ದಿನ ಹೋಗ್ಬಹುದು. ಲೇಓವರ್, ಅಂದ್ರೆ ಎರಡು ವಿಮಾನದ ನಡುವೆ ಸಿಗೋ ಹೊತ್ತು, ಒಂದೇ ಗಂಟೆ ಇದ್ರೆ ನಾನಂತೂ ತಗೊಳಲ್ಲ. ಅಮೆರಿಕದೊಳಗೆ ಮುಂದಿನ ಊರಿಗೆ ಹೋಗೋರು ಸಾಮಾನ್ಯವಾಗಿ ಮೊದಲು ಇಳಿಯೋ ಏರ್‌ಪೋರ್ಟಲ್ಲೇ ಇಮಿಗ್ರೇಶನ್ ಮುಗಿಸಿ, ಬ್ಯಾಗ್ ಎತ್ಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಕೊಟ್ಟು, ಮತ್ತೆ ಸೆಕ್ಯೂರಿಟಿ ಕ್ಯೂಲಿ ನಿಲ್ಬೇಕು, ಎರಡು ಗಂಟೆನೂ ಬಿಗಿನೇ, ಮೂರಿದ್ರೆ ನಿಶ್ಚಿಂತೆ. ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಮೊದಲನೇದು ಲೇಟಾದ್ರೆ ಎರಡನೇದು ಹೋದಂಗೇ, ಎರಡನೇ ವಿಮಾನದ ಕಂಪನಿಯೋರು ಸಾಮಾನ್ಯವಾಗಿ ಜವಾಬ್ದಾರಿ ತಗೊಳಲ್ಲ, ಸ್ವಲ್ಪ ಜಾಸ್ತಿ ಆದ್ರೂ ಒಂದೇ ಬುಕಿಂಗಲ್ಲಿ ಮಾಡ್ಸಿ. ಏರ್‌ಪೋರ್ಟ್ ಹೆಸರೂ ನೋಡ್ಕೊಳಿ, ಲಂಡನ್ನಿಗೆ ಒಂದಕ್ಕಿಂತ ಜಾಸ್ತಿ ಏರ್‌ಪೋರ್ಟ್ ಇವೆ, ಹೀಥ್ರೋದಲ್ಲಿ ಇಳಿಸಿ ಗ್ಯಾಟ್‌ವಿಕ್‌ನಿಂದ ಹತ್ತಿಸೋ ಅಗ್ಗದ ಟಿಕೆಟ್ಟೂ ಇರತ್ತೆ, ನಡುವೆ ಬಸ್ಸು ಹಿಡಿದು ಓಡೋದು ನೀವೇ.

ಕರ್ಕೊಂಡು ಹೋಗೋಕೆ ಬರೋರಿಗೆ ಫ್ಲೈಟ್ ನಂಬರ್, ಟರ್ಮಿನಲ್, ಇಳಿಯೋ ತಾರೀಖು ಕಳಿಸಿ. ವಿಮಾನ ನೆಲ ಮುಟ್ಟಿದ ಮೇಲೂ ನೀವು ಹೊರಗೆ ಬರೋಕೆ ಒಂದೂವರೆ ಗಂಟೆ ಆಗ್ಬಹುದು ಅಂತ ಮೊದಲೇ ಹೇಳ್ಬಿಡಿ, ಪಾರ್ಕಿಂಗ್ ದುಡ್ಡು ಅವರದ್ದು.