ಪ್ರತಿಮೆ, ವೀರಗಲ್ಲು, ಹಳೇ ಬೋರ್ಡು: ಬೆಂಗಳೂರು ಸುತ್ತುವಾಗ ಫೋಟೊ ತೆಗೆಯುವುದು ಹೇಗೆ?

ಕಬ್ಬನ್ ಪಾರ್ಕಿಗೆ ಬಂದವರು ವಿಕ್ಟೋರಿಯಾ ರಾಣಿಯ ಪ್ರತಿಮೆ ಮುಂದೆ ನಿಂತು ಒಂದು ಫೋಟೊ ಹೊಡೆದುಕೊಂಡು ಹೊರಡುತ್ತಾರೆ. ಆಮೇಲೆ ನೋಡಿದರೆ ರಾಣಿ ಬರೀ ಬಿಳಿ ಮುದ್ದೆ. ಮೂಗೂ ಇಲ್ಲ, ಸೀರೆಯಂಥ ಆ ನೆರಿಗೆಗಳೂ ಇಲ್ಲ. ಮೊಬೈಲ್ ಹಳೇದಾಯ್ತು ಅಂತ ಹೊಸದು ಕೊಳ್ಳಲು ಹೋಗಬೇಡಿ. ಹೋದ ಹೊತ್ತು ಸರಿ ಇರಲಿಲ್ಲ, ಅಷ್ಟೇ.

ಮೊದಲು ಹೊತ್ತು ನೋಡಿ. ನೆತ್ತಿ ಮೇಲಿನ ಬಿಸಿಲಿನಲ್ಲಿ ಪ್ರತಿಮೆಯ ಕಣ್ಣು ಕಪ್ಪು ಗುಂಡಿಯಾಗುತ್ತದೆ, ಹಣೆ ಬೆಳ್ಳಗೆ ಹೊಳೆಯುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ ಹೋಗಿ. ಪ್ರತಿಮೆಯ ಮುಖ ಪೂರ್ವಕ್ಕಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ. ದಿಕ್ಕು ಗೊತ್ತಿಲ್ಲದಿದ್ದರೆ ಫೋನಿನಲ್ಲೇ ದಿಕ್ಸೂಚಿ ಇದೆಯಲ್ಲ.

ಬೆಳಕು ನೀವೇ ಹೊಂದಿಸಿ. 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ಪ್ರತಿಮೆ ಅಮೃತಶಿಲೆಯದು. ಪರದೆಯ ಮೇಲೆ ಅದರ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಅದೇ ಪಾರ್ಕಿನಲ್ಲಿ ಕುದುರೆ ಏರಿದ ಮಾರ್ಕ್ ಕಬ್ಬನ್ ಇದ್ದಾರೆ. 2020ರಲ್ಲಿ ಹೈಕೋರ್ಟ್ ಮುಂದಿನಿಂದ ಇಲ್ಲಿಗೆ ಬಂದ ಪ್ರತಿಮೆ ಅದು. ಕಪ್ಪಗಿನ ಕಂಚು, ಹಿಂದೆ ಬೆಳ್ಳನೆ ಆಕಾಶ. ಇಲ್ಲಿ ಉಲ್ಟಾ, ಮೇಲಕ್ಕೆ ಎಳೆಯಬೇಕು.

ಹಿಂದೆ ಸರಿಯಿರಿ. ವಿಮಾನ ನಿಲ್ದಾಣದ ಕೆಂಪೇಗೌಡರ ಪ್ರತಿಮೆ 108 ಅಡಿ. ಬುಡದಲ್ಲಿ ನಿಂತು ಫೋನ್ ಎತ್ತಿದರೆ ಕಾಲು ಆನೆಯಷ್ಟು, ತಲೆ ನಿಂಬೆಹಣ್ಣಿನಷ್ಟು ಬರುತ್ತದೆ. ಎಷ್ಟು ದೂರ ಹೋಗಲು ಜಾಗವಿದೆಯೋ ಅಷ್ಟು ಹೋಗಿ, ಎರಡು ಪಟ್ಟು ಜೂಮ್ ಮಾಡಿ. ಜೊತೆಗೆ ಬಂದವರನ್ನು ಪೀಠದ ಹತ್ತಿರ ನಿಲ್ಲಿಸಿ, ಆಗಲೇ ಎತ್ತರ ಗೊತ್ತಾಗುವುದು. ಯಾವ ಪ್ರತಿಮೆಯೇ ಆಗಲಿ, ಇಡಿಯಾಗಿ ಸಿಕ್ಕ ಮೇಲೆ ಹತ್ತಿರ ಹೋಗಿ ಕತ್ತಿಯ ಹಿಡಿ, ಕುದುರೆಯ ಗೊರಸು, ಪೀಠದ ಮೂಲೆ ಹೀಗೆ ಚೂರುಚೂರು ತೆಗೆಯಿರಿ. ಫಲಕವನ್ನು ಮಾತ್ರ ಮರೆಯಬೇಡಿ. ಅದೊಂದು ಇಲ್ಲದಿದ್ದರೆ ಆರು ತಿಂಗಳ ಮೇಲೆ ಇದು ಯಾರ ಪ್ರತಿಮೆ ಅಂತ ಮನೆಯವರನ್ನೇ ಕೇಳಬೇಕಾಗುತ್ತದೆ.

ಕಲ್ಲಿನ ಬರಹಕ್ಕೆ ಟಾರ್ಚು ಬೇಕು. ನನ್ನ ಮಟ್ಟಿಗೆ ಈ ಊರಿನಲ್ಲಿ ಕ್ಯಾಮೆರಾ ಹಿಡಿಯಲು ಎಲ್ಲಕ್ಕಿಂತ ಒಳ್ಳೆಯ ಜಾಗ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ನೇ ಇಸವಿಯ ವೀರಗಲ್ಲು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಸಿಗುವ ತುಂಬ ಹಳೆಯ ಬರಹ ಅದು, ಇಲ್ಲಿ ನಡೆದ ಕಾಳಗವೊಂದನ್ನು ಹೇಳುತ್ತದೆ. ಎದುರಿಗೆ ನಿಂತು ಫ್ಲ್ಯಾಶ್ ಹೊಡೆದರೆ ಒಂದಕ್ಷರವೂ ಕಾಣುವುದಿಲ್ಲ, ಕಲ್ಲು ಚಪ್ಪಟೆ ಹಲಗೆಯಂತೆ ಬರುತ್ತದೆ. ಫ್ಲ್ಯಾಶ್ ಆರಿಸಿ. ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಅದರ ಮೈಗೆ ತಾಗುವ ಹಾಗೆ ಹಿಡಿಯಲು ಜೊತೆಯವರಿಗೆ ಹೇಳಿ. ಬೆಳಕು ಓರೆಯಾಗಿ ಹರಿದಾಗ ಕೊರೆದ ಗೀರಿನೊಳಗೆ ನೆರಳು ತುಂಬಿಕೊಳ್ಳುತ್ತದೆ, ಅಕ್ಷರದ ಅಂಚು ಎದ್ದು ಕಾಣುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ತೆಗೆಯಿರಿ. ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಮೈದಾ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಸಾವಿರ ವರ್ಷ ಮಳೆಗಾಳಿ ತಡೆದುಕೊಂಡ ಕಲ್ಲು ಅದು.

ಬೋರ್ಡುಗಳಿಗೆ ಅವಸರ ಮಾಡಿ. ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ ಕಡೆ ಕೈಬರಹದ ಬೋರ್ಡು ಈಗಲೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತದೆ. ಫ್ಲೆಕ್ಸ್ ಬಂದು ಅರ್ಧ ಹೋದವು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ 2024ರ ಕಾನೂನು ಒಳ್ಳೆಯದೇ, ಆದರೆ ಬೋರ್ಡು ಬದಲಿಸುವ ಭರದಲ್ಲಿ ಹಳೆಯವು ಗುಜರಿಗೂ ಹೋಗುತ್ತವೆ. ಅಂಗಡಿ ತೆರೆಯುವ ಮುಂಚೆ ಎದುರಿನ ಫುಟ್‌ಪಾತಿನಲ್ಲಿ ನಿಂತು, ಪರದೆಯ ಮೇಲೆ ಗ್ರಿಡ್ ಗೆರೆಗಳನ್ನು ಹಾಕಿಕೊಂಡು, ಬೋರ್ಡಿನ ಅಂಚು ಗೆರೆಗೆ ಸರಿಹೊಂದುವ ಹಾಗೆ ನೇರಕ್ಕೆ ತೆಗೆಯಿರಿ. ಕೆಳಗಿನ ಮೂಲೆಯಲ್ಲಿ ಪುಟ್ಟದಾಗಿ ಬರೆದವರ ಸಹಿ ಇರುವುದುಂಟು, ಅದಕ್ಕೇ ಒಂದು ಬೇರೆ ಫೋಟೊ. ಮಾಲೀಕರು ಬಂದಿದ್ದರೆ “ಅಣ್ಣಾ, ಬೋರ್ಡ್ ಚೆನ್ನಾಗಿದೆ, ಒಂದು ಫೋಟೊ ತಗೊಳ್ಲಾ?” ಅಂತ ಕೇಳಿಬಿಡಿ. ಕೇಳದೆ ತೆಗೆದರೆ ಪಾಲಿಕೆಯವರು ದಂಡ ಹಾಕಲು ಬಂದರು ಅಂದುಕೊಳ್ಳುತ್ತಾರೆ!

ಅರಳಿಕಟ್ಟೆಯ ನಾಗರಕಲ್ಲು, ಬಸವನಗುಡಿಯ ದೊಡ್ಡ ಬಸವ ಇವೆಲ್ಲ ಪೂಜೆಯ ಜಾಗ. ಅರ್ಚಕರನ್ನು ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ.

ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೊ ತೆಗೆದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗದು, 1957ರ ಕಾಯ್ದೆಯ 52ನೇ ಸೆಕ್ಷನ್ನೇ ಹಾಗೆ ಹೇಳುತ್ತದೆ. ಭದ್ರತೆಯ ಮಾತು ಬೇರೆ. ವಿಧಾನಸೌಧದ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಬರಹಕ್ಕೆ ಗೇಟಿನ ಹತ್ತಿರ ಜೂಮ್ ಮಾಡುತ್ತಾ ನಿಂತರೆ ಪೊಲೀಸರು ಮುಂದೆ ಹೋಗಿ ಅನ್ನಬಹುದು. ಸೆಕ್ಷನ್ ಹೇಳಿಕೊಂಡು ವಾದಕ್ಕೆ ನಿಲ್ಲಬೇಡಿ. ರಸ್ತೆ ದಾಟಿ ಹೈಕೋರ್ಟ್ ಕಡೆಯ ಫುಟ್‌ಪಾತಿಗೆ ಬನ್ನಿ, ಅಲ್ಲಿಂದ ಅಕ್ಷರಗಳ ಸಾಲು ಓರೆಯಾಗದೆ ನೇರವಾಗಿ ಸಿಗುತ್ತದೆ.